ದೀಪವಿಲ್ಲದ ಎರಡು ಮನೆಗಳು: ಶರಾವತಿ ಹಿನ್ನೀರಿನ ದಡದ ಒಂದು ಪ್ರಕರಣ

ಕಂದಾಯ ಇಲಾಖೆಯ ಹಳೆಯ ಕಡತಗಳಲ್ಲಿ ‘ಬೇಚರಾಕ್’ ಎಂಬ ಪದ ಆಗಾಗ ಕಣ್ಣಿಗೆ ಬೀಳುತ್ತದೆ. ಜನವಸತಿ ಇಲ್ಲದ ಊರಿಗೆ ಕಚೇರಿಯವರು ಇಟ್ಟ ಹೆಸರು ಅದು. ಮೂಲ ಫಾರಸಿ: ಬೇ ಚಿರಾಗ್, ಅಂದರೆ ದೀಪವಿಲ್ಲದ್ದು. ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಅಂಚಿನಲ್ಲಿ, ದೀಪ ಆರಿ ಅರವತ್ತು ವರ್ಷ ದಾಟಿದ ಒಂದು ಮನೆಯ ಜಾಗವನ್ನು ನಾವು ನಾಲ್ವರು ಎರಡು ಬೇಸಿಗೆ ಓಡಾಡಿ ಪರಿಶೀಲಿಸಿದೆವು. ಇದು ಆ ಕೆಲಸದ ವರದಿ. ಮನೆತನದ ಹೆಸರು, ಊರು, ಸರ್ವೆ ನಂಬರು ಯಾವುದನ್ನೂ ಇಲ್ಲಿ ಬರೆದಿಲ್ಲ. ಗುರುತು ಹಿಡಿಯಲು ನೆರವಾಗುವ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಮನೆಯವರು ಹಾಗೆ ಕೇಳಿಕೊಂಡಿದ್ದರು. ಅದಕ್ಕಿಂತ ಮುಖ್ಯವಾಗಿ, ಹಾಳುಮನೆಯ ವಿಳಾಸ ಅಚ್ಚಾದರೆ ನಮಗಿಂತ ಮೊದಲು ಅಲ್ಲಿಗೆ ಹೋಗುವವರು ನಿಧಿಗಳ್ಳರು.

ಹಿನ್ನೆಲೆ

ಶರಾವತಿ ಕಣಿವೆಯ ಜನ ಎರಡು ಸಲ ಎದ್ದು ಹೋದರು. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮುಗಿದದ್ದು 1948ರಲ್ಲಿ. ಅದರ ನೀರು ಜೋಗದ ಬಳಿಯ ವಿದ್ಯುದಾಗಾರಕ್ಕೆ. ಹದಿನಾರು ವರ್ಷಗಳ ನಂತರ, 1964ರಲ್ಲಿ, ಅದೇ ನದಿಯ ಕೆಳಭಾಗದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಅದರ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಆ ನೀರಿನಲ್ಲಿ ಹಳೆಯ ಅಣೆಕಟ್ಟೇ ಮುಳುಗಿತು; ಮಳೆ ಕಡಿಮೆಯಾದ ವರ್ಷಗಳ ಬೇಸಿಗೆಯಲ್ಲಿ ಅದು ಈಗಲೂ ಮೈ ತೋರಿಸುತ್ತದೆ. ಈ ಭಾಗದ ಜನ ಎರಡಕ್ಕೂ ಒಂದೇ ಪದ ಬಳಸುತ್ತಾರೆ, ‘ಮುಳುಗಡೆ’. ಈ ಒಂದು ಪದ ನಮ್ಮನ್ನು ಎಷ್ಟು ದಾರಿ ತಪ್ಪಿಸಿತು ಎಂಬುದು ಮುಂದೆ ಗೊತ್ತಾಗುತ್ತದೆ.

ನಾವು ನೋಡಿದ ಮನೆಯ ಜಾಗ ಮುಳುಗಿಲ್ಲ. ಅದು ಒಂದು ಗುಡ್ಡದ ಮೂತಿಯ ಮೇಲಿದೆ. ಕೆಳಗಿದ್ದ ಅಡಕೆ ತೋಟ ನೀರಿನೊಳಗೆ ಹೋಯಿತು. ತೋಟವಿಲ್ಲದ ಮೇಲೆ ಮನೆ ಇಟ್ಟುಕೊಂಡು ಏನು ಮಾಡುವುದೆಂದು ಮನೆಯವರು ಜಿಲ್ಲೆಯ ಬಯಲು ಕಡೆಗೆ ಹೋದರು. ಮಳೆಗಾಲ ಮುಗಿಯುವ ಹೊತ್ತಿಗೆ ಮೂರು ಕಡೆ ನೀರು ನಿಂತು ಆ ಮೂತಿ ಹೆಚ್ಚುಕಡಿಮೆ ದ್ವೀಪವಾಗುತ್ತದೆ. ಈಗ ಅಲ್ಲಿ ಗೋಡೆ ಇಲ್ಲ, ಮಾಡು ಇಲ್ಲ. ಒಂದು ಗೋಸಂಪಿಗೆ ಮರ, ಎರಡು ಹಲಸು, ಬಾಯಿ ಮುಚ್ಚಿದ ಬಾವಿ, ಸಾಲಾಗಿ ಹೂತ ಕೆಲವು ಕಲ್ಲುಗಳು. ದಾರಿಹೋಕರಿಗೆ ಅದು ಬರೀ ಕಾಡು.

ಎದುರಾದ ಪ್ರಶ್ನೆ

ಆ ಗುಡ್ಡದಲ್ಲಿ ನೆಡುತೋಪು ಬೆಳೆಸಲು ಸುತ್ತ ಕಂದಕ ತೋಡುವ ಯೋಜನೆ ಇತ್ತು. ಗುರುತು ಹಾಕಿದ ಗೆರೆ ಹಳೆಯ ಮನೆಯ ಅಂಗಳದ ಮೇಲೇ ಹಾದುಹೋಗುತ್ತಿತ್ತು. ವಿಷಯ ತಿಳಿದ ಮನೆತನದವರು ನನ್ನ ಬಳಿ ಬಂದರು. ನಾನು ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವನು. ‘ಇದು ಕೆಳದಿ ಅರಸರ ಕಾಲದ ಮನೆ, ಶಿವಪ್ಪನಾಯಕನ ಶಿಸ್ತಿನಲ್ಲಿ ನಮ್ಮ ಭೂಮಿ ಸೇರಿತ್ತು, ನೀವು ಬರೆದುಕೊಟ್ಟರೆ ಕಂದಕ ನಿಲ್ಲಿಸಬಹುದು’ ಎಂದರು. ಶಿಸ್ತು ಎಂದರೆ ಅವನ ಕಾಲದ ಕಂದಾಯದ ವ್ಯವಸ್ಥೆ. ಕೈಯಲ್ಲಿದ್ದದ್ದು ಎರಡು ತಿಂಗಳು.

ಪ್ರಶ್ನೆ ಎರಡು ಎಳೆಯದಾಗಿತ್ತು: ಮನೆಯ ಇತಿಹಾಸ ಎಷ್ಟು ಹಿಂದಕ್ಕೆ ಹೋಗುತ್ತದೆ, ಮತ್ತು ಆ ನೆಲದೊಳಗೆ ಇನ್ನೂ ಓದಬಹುದಾದದ್ದು ಏನಾದರೂ ಉಳಿದಿದೆಯೇ? ಎರಡನೆಯದೇ ನಿಜವಾದ ಪ್ರಶ್ನೆ. ಆದರೆ ಮನೆಯವರ ಮನಸ್ಸು ಮೊದಲನೆಯದರಲ್ಲಿತ್ತು, ಮತ್ತು ನಾವೂ ಗೊತ್ತಿಲ್ಲದೆ ಅವರ ಹಿಂದೆ ಹೋದೆವು.

ಮೊದಲ ಬೇಸಿಗೆ

ಇಬ್ಬರು ವಿದ್ಯಾರ್ಥಿಗಳು ಮತ್ತು ಒಬ್ಬ ನಿವೃತ್ತ ಸರ್ವೆಯರ್ ನನ್ನ ಜೊತೆಗಿದ್ದರು. ಸರ್ವೆಯರ್ ಇಲ್ಲದಿದ್ದರೆ ಈ ಕೆಲಸವೇ ಆಗುತ್ತಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಆ ಸರ್ವೆಯ ಟಿಪ್ಪಣಿ (ಅಳತೆಯ ಚಿತ್ರ), ಆಕಾರ್‌ಬಂದ್ (ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ), ಗ್ರಾಮ ನಕ್ಷೆಗಳಲ್ಲಿ ಮನೆಗಳು ಮನೆಯ ರೂಪದಲ್ಲಿ ಕಾಣಿಸುವುದು ಕಡಿಮೆ, ಕಳೆಯುವ ಲೆಕ್ಕದಲ್ಲಿ ಕಾಣಿಸುತ್ತವೆ. ಸಾಗುವಳಿದಾರನ ಮನೆ, ಕಣ ಇರುವ ಜಾಗಕ್ಕೆ ಕಂದಾಯವಿಲ್ಲ. ಅದನ್ನು ‘ಖರಾಬು’ ಎಂದು ವಿಸ್ತೀರ್ಣದಿಂದ ತೆಗೆದಿರುತ್ತಾರೆ. ‘ಮೇಷ್ಟರೇ, ಮನೆ ಹುಡುಕಬೇಡಿ, ಖರಾಬು ಹುಡುಕಿ’ ಎಂದು ಅವರು ಹೇಳಿದ್ದು ನನಗೆ ಇಡೀ ಅಧ್ಯಯನದ ಮೊದಲ ಪಾಠ. ತೋಟದ ನಂಬರಿನೊಳಗೆ ನಾಲ್ಕು ಗುಂಟೆ ಖರಾಬು ಸಿಕ್ಕಿತು, ಗುಡ್ಡದ ಮೂತಿಗೆ ಸರಿಯಾಗಿ ಹೊಂದುವ ಕಡೆಯಲ್ಲಿ.

ಕೆಳದಿಯ ಕಾಲದ ಮಾತಿಗೆ ಆಧಾರ ಮಾತ್ರ ಸಿಗಲಿಲ್ಲ. ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ. ಕೆಳದಿಯವರ ರಾಜಧಾನಿ ಬಿದನೂರು ಹೈದರಾಲಿಯ ವಶವಾದದ್ದು 1763ರಲ್ಲಿ. ಅದಾದ ಮೇಲೂ ಕಂದಾಯದ ದರಕ್ಕೆ ‘ಶಿಸ್ತು’ ಎನ್ನುವ ರೂಢಿ ಮಲೆನಾಡಿನಲ್ಲಿ ಬಹುಕಾಲ ಉಳಿಯಿತು. ಹಾಗಾಗಿ ಮನೆಮಾತಿನಲ್ಲಿ ಆ ಪದ ಇದ್ದ ಮಾತ್ರಕ್ಕೆ ಮನೆ ಆ ಕಾಲದ್ದಾಗುವುದಿಲ್ಲ. ಇದನ್ನು ಮನೆಯವರಿಗೆ ಹೇಳುವುದು ಕಷ್ಟವಾಯಿತು. ಹೇಳಿದೆವು.

ಇನ್ನೊಂದು ಎಡವು ಹಂಚಿನದು. ಬಾವಿಯ ಪಕ್ಕ ವಿದ್ಯಾರ್ಥಿಯೊಬ್ಬನಿಗೆ ಬಾಸೆಲ್ ಮಿಷನ್ ಹೆಸರಿನ, 1865 ಎಂಬ ಅಂಕಿ ಅಚ್ಚೊತ್ತಿದ ಮಂಗಳೂರು ಹಂಚಿನ ತುಂಡು ಸಿಕ್ಕಿತು. ಅವನು ಕುಣಿದಾಡಿದ, ನಾನೂ ಒಂದು ದಿನ ನಂಬಿದೆ. ಆದರೆ ಅದು ಹಂಚು ಸುಟ್ಟ ವರ್ಷವಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹುಟ್ಟಿದ ವರ್ಷ. ಆ ಅಂಕಿಯನ್ನು ಮುಂದೆ ದಶಕಗಳ ಕಾಲ ಅಚ್ಚಿನಲ್ಲಿ ಉಳಿಸಿಕೊಂಡರು. ಮಾರನೆಯ ವಾರ ಸಿಕ್ಕ ಮತ್ತೊಂದು ತುಂಡಿನಲ್ಲಿ ಕಾಮನ್‌ವೆಲ್ತ್ ಎಂಬ ಅಕ್ಷರಗಳಿದ್ದವು. ಮೊದಲ ಮಹಾಯುದ್ಧದ ನಂತರ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಆ ತುಂಡು ಇದ್ದ ಮಾಡು ಅದಕ್ಕಿಂತ ಈಚಿನದು. ಅದಕ್ಕೆ ಮೊದಲು ಸೋಗೆಯೋ ಹುಲ್ಲೋ ನಾಡಹಂಚೋ ಇದ್ದಿರಬಹುದು. ಸೋಗೆ ಮತ್ತು ಹುಲ್ಲು ಮಣ್ಣಾಗುತ್ತವೆ.

ಆ ಮನೆಯ ಸೊಸೆಯಾಗಿದ್ದ, ಈಗ ಎಂಬತ್ತು ದಾಟಿದ ಹಿರಿಯರೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದೆವು. ಅವರು ಗೋಸಂಪಿಗೆ ಮರ ನೋಡಿದ ಕೂಡಲೇ ದಿಕ್ಕು ಹಿಡಿದರು. ಇಲ್ಲಿ ಜಗಲಿ, ಇಲ್ಲಿ ಬಚ್ಚಲು, ಅಲ್ಲಿ ಕೊಟ್ಟಿಗೆ, ಕೊಟ್ಟಿಗೆಯ ಹಿಂದೆ ಗೊಬ್ಬರಗುಂಡಿ, ಅದರಾಚೆ ಉಣಗೋಲು. ‘ಮನೆ ಬಿದ್ದದ್ದಲ್ಲ ಮೇಷ್ಟರೇ, ಬಿಚ್ಚಿಕೊಂಡು ಹೋದದ್ದು. ಕಂಬ, ತೊಲೆ, ಬಾಗಿಲುವಾಡ, ಹಂಚು ಎಲ್ಲ ಗಾಡಿಯಲ್ಲಿ ಹೋಯಿತು. ಒಲೆಯ ಕಲ್ಲನ್ನೂ ನಮ್ಮ ಅತ್ತೆ ಬಿಡಲಿಲ್ಲ’ ಎಂದರು.

ಆ ಮಾತಿನ ತೂಕ ನಮಗೆ ತಿಳಿಯಲು ಕೆಲವು ದಿನ ಹಿಡಿಯಿತು. ಕುಸಿದ ಮನೆ ತನ್ನ ಮೇಲೆ ತಾನೇ ಮುಚ್ಚಳ ಹಾಕಿಕೊಳ್ಳುತ್ತದೆ. ಗೋಡೆಯ ಮಣ್ಣು ನೆಲದ ಮೇಲೆ ಬಿದ್ದು ಅಡಿಯಲ್ಲಿರುವುದನ್ನು ಕಾಯುತ್ತದೆ. ಬಿಚ್ಚಿಕೊಂಡು ಹೋದ ಮನೆ ಬರಿದಾಗುತ್ತದೆ. ನಾವು ಬಯಲು ಕಡೆಯ ಹೊಸ ಮನೆಗೂ ಹೋಗಿ ನೋಡಿದೆವು. ಅಲ್ಲಿನ ಜಗಲಿಯ ಕಂಬಗಳಲ್ಲಿ ಈಗ ಏನನ್ನೂ ಹಿಡಿಯದ ಕುಳಿಗಳಿವೆ, ಹಳೆಯ ಅಡ್ಡಪಟ್ಟಿಗಳು ಕೂತಿದ್ದ ಜಾಗ. ಕಂಬದ ಅಗಲವೂ ಗುಡ್ಡದ ಮೇಲೆ ಉಳಿದ ಅಡಿಗಲ್ಲುಗಳ ಮೇಲಿನ ಚೌಕದ ಗುರುತೂ ಒಂದಕ್ಕೊಂದು ಕೂತವು. ಹಳೆಯ ಮನೆಯ ಅರ್ಧ ಈ ಊರಿನಲ್ಲಿ ಇನ್ನೂ ನಿಂತಿದೆ. ಮಾಯವಾದ ಮನೆಯನ್ನು ಹುಡುಕುವವರು ಅದು ಹೋದ ಊರಿಗೂ ಹೋಗಬೇಕು ಎಂಬುದನ್ನು ನಾನು ಅಲ್ಲಿ ಕಲಿತೆ.

ನೆಲವನ್ನು ಅಗೆಯಬಾರದೆಂದು ಮೊದಲ ದಿನವೇ ನಿರ್ಧರಿಸಿದ್ದೆವು. ಉತ್ಖನನಕ್ಕೆ ಅನುಮತಿ ಬೇಕು, ಪರಿಣತರು ಬೇಕು; ನಮಗೆ ಎರಡೂ ಇರಲಿಲ್ಲ. ತುಳಸಿಕಟ್ಟೆಯನ್ನು ಯಾರೋ ಹಿಂದೆಯೇ ಒಡೆದು ಆಳಕ್ಕೆ ಗುಂಡಿ ತೋಡಿದ್ದರು. ಆ ಗುಂಡಿಯ ಮುಂದೆ ನಿಂತಾಗ ಗುದ್ದಲಿ ಹಿಡಿಯುವ ಆಸೆ ತಾನಾಗಿ ಸತ್ತಿತು. ನಿಧಿ ಇರಲಿಲ್ಲ, ಇರುತ್ತಲೂ ಇರಲಿಲ್ಲ. ಹೋದದ್ದು ಮನೆಯ ನಡುವಿನ ಮಣ್ಣಿನ ಪದರಗಳು.

ಆದ್ದರಿಂದ ಮೇಲ್ಮೈ ಸಮೀಕ್ಷೆ. ಸರ್ವೆಯರ್ ತಮ್ಮ ಹಳೆಯ ಸರಪಳಿ ತಂದಿದ್ದರು: 33 ಅಡಿ ಉದ್ದ, ‘ಆಣೆ’ ಎಂಬ ಹದಿನಾರು ಭಾಗ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ. ಮೀಟರಿನ ಬದಲು ಗುಂಟೆಯ ಚೌಕಗಳನ್ನೇ ಹಾಕಿದೆವು. ಊರಿನವರಿಗೂ ನಮ್ಮ ನಕ್ಷೆ ಅರ್ಥವಾಗಲಿ ಎಂಬ ಕಾರಣಕ್ಕೆ. ದರಕು (ಉದುರಿದ ಒಣ ಎಲೆ) ಸರಿಸಿ, ಕಂಡದ್ದನ್ನು ಎಣಿಸಿ, ಬರೆದು, ಅಲ್ಲೇ ಬಿಡುವುದು. ಬೇಸಿಗೆ ಉಣ್ಣಿಯಿಂದ ಹರಡುವ ಮಂಗನ ಕಾಯಿಲೆಯ ಕಾಲವೂ ಹೌದು. ಆ ರೋಗ 1957ರಲ್ಲಿ ಮೊದಲು ಗುರುತಾದದ್ದು ಇಲ್ಲಿಗೆ ದೂರವಲ್ಲದ ಸೊರಬದ ಕ್ಯಾಸನೂರಿನಲ್ಲಿ. ದಿನವೂ ಕೈಕಾಲಿಗೆ ಎಣ್ಣೆ ಹಚ್ಚಿ, ಸಂಜೆ ಬಟ್ಟೆ ಕುದಿಸಿ, ಉಣ್ಣಿ ನೋಡಿಕೊಂಡೆವು. ಈ ಭಾಗದಲ್ಲಿ ಕ್ಷೇತ್ರಕಾರ್ಯಕ್ಕೆ ಇಳಿಯುವವರು ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು.

ಮಣ್ಣಿನ ಪರೀಕ್ಷೆಯಿಂದ ಕೊಟ್ಟಿಗೆಯ ಜಾಗ ಖಚಿತಪಡಿಸಿಕೊಳ್ಳಲು ಹೋಗಿ ಸೋತೆವು. ದನ ಕಟ್ಟಿದ ನೆಲದಲ್ಲಿ ರಂಜಕ ಹೆಚ್ಚಿರಬೇಕು. ಆದರೆ ಕೃಷಿ ಪ್ರಯೋಗಾಲಯ ಅಳೆಯುವುದು ಗಿಡಕ್ಕೆ ದಕ್ಕುವ ರಂಜಕವನ್ನು. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನ ಕಬ್ಬಿಣಾಂಶ ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬಂದ ಅಂಕಿಗಳಲ್ಲಿ ಏನೂ ತಿಳಿಯಲಿಲ್ಲ. ಒಟ್ಟು ರಂಜಕವನ್ನು ಅಳೆಸಬೇಕಿತ್ತು.

ನಾವು ಮಾಡಿದ ತಪ್ಪು

ಏಪ್ರಿಲ್ ಕೊನೆಗೆ ವರದಿ ಕೊಟ್ಟೆವು. ಮನೆಯ ಸುತ್ತ ಇಪ್ಪತ್ತು ಗುಂಟೆಯ ಎಲ್ಲೆ ಹಾಕಿ, ಕಂದಕವನ್ನು ಮೂರು ಸರಪಳಿ ಕೆಳಕ್ಕೆ ಸರಿಸಬೇಕೆಂದು ಬರೆದೆವು. ಸಂಬಂಧಪಟ್ಟವರು ಒಪ್ಪಿದರು. ಮನೆಯವರಿಗೆ ಸಂತೋಷವಾಯಿತು.

ಮೇ ತಿಂಗಳ ಒಂದು ಮಧ್ಯಾಹ್ನ ವಿದ್ಯಾರ್ಥಿ ಮೊಬೈಲಿನಲ್ಲಿ ಚಿತ್ರ ಕಳಿಸಿದ. ಜೆಸಿಬಿ ತೋಡಿದ ಕಂದಕದ ಗೋಡೆಯಲ್ಲಿ ಕೆಂಪು ಮಣ್ಣಿನ ನಡುವೆ ಒಂದು ಕಪ್ಪು ಗೆರೆ; ಗೆರೆಯಿಂದ ಮಡಕೆಯ ಕಂಠ ಹೊರಚಾಚಿತ್ತು. ನಾವು ಓಡಿಹೋಗುವ ಹೊತ್ತಿಗೆ ಎರಡು ಸರಪಳಿ ಉದ್ದ ಹೋಗಿತ್ತು. ಅಲ್ಲಿ ಇನ್ನೊಂದು ಮನೆ ಇತ್ತು. ಅದರ ಮೇಲೆ ಯಂತ್ರ ಹೋದದ್ದು ನಮ್ಮ ವರದಿಯಿಂದ.

ಏಕೆ ಕಾಣಲಿಲ್ಲ? ನಮ್ಮ ಚೌಕಗಳು ಹಳೆಯ ಅಗಳಿನ (ಹಿಂದೆ ತೋಡಿದ ಕಂದಕದ) ಬಳಿ ನಿಂತಿದ್ದವು. ಮನೆಯ ಸುತ್ತಲಿನ ಅಗಳೇ ಮನೆಯ ಎಲ್ಲೆ ಎಂದು ನಾವು ಯೋಚಿಸದೆ ಒಪ್ಪಿಕೊಂಡಿದ್ದೆವು. ಅದರಾಚೆಯ ಮೆಟ್ಟಿಲಿನಂಥ ಸಮತಟ್ಟು ಲಂಟಾನದಿಂದ ಮುಚ್ಚಿತ್ತು. ಕಾಗದದಲ್ಲಿ ಅಲ್ಲಿ ಖರಾಬು ಇರಲಿಲ್ಲ. ಹಿರಿಯರೂ ಹೇಳಿರಲಿಲ್ಲ.

ನಾನು ಆ ಸಂಜೆಯೇ ಅವರ ಬಳಿ ಹೋದೆ. ‘ಅಮ್ಮ, ಅಗಳಿನಾಚೆ ಯಾರಿದ್ದರು?’

‘ನಮ್ಮ ಗೇಣಿಯವರು. ನಾನು ಮದುವೆಯಾಗಿ ಬಂದಾಗಲೇ ಆ ಮನೆ ಹಾಳುಬಿದ್ದಿತ್ತು. ಅವರು ಮೊದಲ ಮುಳುಗಡೆಗೆ ಹೋದವರು. ನೀವು ನಮ್ಮ ಮನೆ ಎಲ್ಲಿತ್ತು ಎಂದು ಕೇಳಿದಿರಿ, ಅದನ್ನು ಹೇಳಿದೆ.’

ಅವರ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಪ್ರಶ್ನೆ ಕೇಳಿದ್ದು ನಾನು, ಅದು ಇಕ್ಕಟ್ಟಾಗಿತ್ತು.

ಎರಡನೆಯ ಬೇಸಿಗೆ

ಕಂದಕವನ್ನು ಅಲ್ಲಿಗೆ ನಿಲ್ಲಿಸಿ, ಗುಡ್ಡದ ಬೆನ್ನಿನ ಕಡೆಗೆ ತಿರುಗಿಸಲು ಒಪ್ಪಿಸಿದೆವು. ತೋಡಿ ಹೋದ ಜಾಗದ ಗೋಡೆಯನ್ನು ಮಳೆಗೆ ಮೊದಲು ಕರಣೆಯಿಂದ ಕೆರೆದು ಚೊಕ್ಕ ಮಾಡಿ, ಅಳೆದು, ಚಿತ್ರ ಬಿಡಿಸಿಕೊಂಡೆವು. ಹೊಸದಾಗಿ ಒಂದು ಹಿಡಿ ಮಣ್ಣನ್ನೂ ಅಗೆಯಲಿಲ್ಲ.

ಗೋಡೆ ಹೇಳಿದ್ದು ಹೀಗೆ. ಮೇಲೆ ದರಕಿನ ಕಪ್ಪು ಮಣ್ಣು. ಅದರಡಿ ಕುಸಿದ ಮಣ್ಣುಗೋಡೆಯ ಹೆಂಟೆಗಳು. ಅದರಡಿ ಸಾರಿಸಿ ಸಾರಿಸಿ ಕಾಗದದ ಕಟ್ಟಿನಂತಾದ ಸಗಣಿ ನೆಲ. ಒಂದು ಕಡೆ ಅದು ಬೂದಿ ಮತ್ತು ಸುಟ್ಟ ಮಣ್ಣಿನೊಳಕ್ಕೆ ಇಳಿದಿತ್ತು, ಅದು ಒಲೆ. ಕೆಳಗೆ ಒಂದು ಗೇಣು ತುಂಬಿಸಿದ ಮಣ್ಣು, ಅದರಡಿ ಇನ್ನೊಂದು ಹಳೆಯ ನೆಲ. ಮೇಲಿನ ನೆಲದ ಅಂಚಿನಲ್ಲಿ ಬೀಸುವ ಕಲ್ಲಿನ ಅಡಿಭಾಗ ಒಡೆದು ಬಿದ್ದಿತ್ತು. ಹಸಿರು, ಕಪ್ಪು ಗಾಜಿನ ಬಳೆಚೂರುಗಳು ಒಲೆಯ ಸುತ್ತಲೇ ಇದ್ದವು. ಎರಡು ನೆಲಗಳ ನಡುವಿನ ತುಂಬುಮಣ್ಣಿನಲ್ಲಿ ಒಂದು ಕಾಲಾಣೆ: ವಿಕ್ಟೋರಿಯಾಳ ಮುಖ, ಸಾಮ್ರಾಜ್ಞಿ ಎಂಬ ಬಿರುದು; ಇಸವಿ ಸವೆದಿತ್ತು. ಆ ಬಿರುದಿನ ನಾಣ್ಯಗಳು ಅಚ್ಚಾದದ್ದು 1877ರಿಂದ 1901ರವರೆಗೆ. ಅಲ್ಲಿಗೆ ಮೇಲಿನ ನೆಲ 1877ಕ್ಕಿಂತ ಈಚಿನದು. ಕೆಳಗಿನದು ಮೇಲಿನ ನೆಲಕ್ಕಿಂತ ಹಿಂದಿನದು. ನಾಣ್ಯ ಎಷ್ಟೋ ದಶಕ ಕೈಯಿಂದ ಕೈಗೆ ಓಡಾಡಿ ಬಿದ್ದಿರಬಹುದಾದ್ದರಿಂದ ಅದಕ್ಕಿಂತ ಹೆಚ್ಚು ಹೇಳಲಾಗದು. ಅದನ್ನು ತಾಲ್ಲೂಕು ಕಚೇರಿಗೆ ಒಪ್ಪಿಸಿದೆವು. ಸಿಕ್ಕ ಇದ್ದಿಲನ್ನು ಸುತ್ತಿಟ್ಟಿದ್ದೇವೆ, ಕಾಲ ಅಳೆಯುವ ಇಂಗಾಲದ ಪರೀಕ್ಷೆಗೆ ಕಳಿಸಿಲ್ಲ. ಕಳೆದ ಮುನ್ನೂರೈವತ್ತು ವರ್ಷಗಳ ಅವಧಿಗೆ ಆ ವಿಧಾನ ಕೊಡುವ ಉತ್ತರ ಬಹಳ ಚದುರಿಹೋಗುತ್ತದೆ, ಹಣ ವ್ಯರ್ಥ.

ಗೇಣಿಯ ಮನೆ ಏಕೆ ಹೀಗೆ ಉಳಿಯಿತು ಎಂಬುದನ್ನು ಕಣಿವೆಯ ಇಳಿಜಾರೇ ವಿವರಿಸುತ್ತದೆ. ಅವರು ಉಳುತ್ತಿದ್ದ ಗದ್ದೆ ಕಣಿವೆಯ ತಳದಲ್ಲಿತ್ತು. ಅದು ಹಿರೇಭಾಸ್ಕರದ ನೀರಿಗೇ ಹೋಯಿತು. ಒಡೆಯರ ತೋಟ ಮೇಲಿತ್ತು. ಅದು ಲಿಂಗನಮಕ್ಕಿಯವರೆಗೆ ಉಳಿಯಿತು. ಒಂದೇ ಗುಡ್ಡದ ಎರಡು ಮನೆಗಳು ಹದಿನಾರು ವರ್ಷಗಳ ಅಂತರದಲ್ಲಿ ಆರಿದವು, ಮತ್ತು ನಾವು ಎರಡನ್ನೂ ಒಂದೇ ‘ಮುಳುಗಡೆ’ಯಲ್ಲಿ ಮುಳುಗಿಸಿದ್ದೆವು. ಒಡೆಯರಿಗೆ ಹೊತ್ತೊಯ್ಯಲು ಸಾಗುವಾನಿ ಕಂಬಗಳಿದ್ದವು, ಹೊಸ ಮನೆ ಕಟ್ಟಲು ಜಾಗವಿತ್ತು. ಗೇಣಿಯವರು ಮಣ್ಣುಗೋಡೆಯನ್ನು ಬಿಟ್ಟು ಹೊರಟರು. ಗೋಡೆ ಕುಸಿದು ನೆಲವನ್ನು ಮುಚ್ಚಿತು. ಹಾಗಾಗಿ ಪುರಾತತ್ವದ ದೃಷ್ಟಿಯಿಂದ ಆ ಗುಡ್ಡದ ಶ್ರೀಮಂತ ಜಾಗ ಬಡವರ ಮನೆ.

ಕಾಗದದಲ್ಲಿ ಅವರ ಹೆಸರಿಲ್ಲ. ಗೇಣಿ ಬಾಯಿಮಾತಿನದು. ಇದೇ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಪಾಠ ಮಾಡುತ್ತೇನೆ. ಧಾನ್ಯ ಅಳೆಯುವ ಕೊಳಗದ ಅಳತೆಯ ಜಗಳದಿಂದ ಹೊತ್ತಿಕೊಂಡ ಆ ಹೋರಾಟದ ಬಗ್ಗೆ ಅಷ್ಟು ಮಾತಾಡುವ ನನಗೆ, ಅಗಳಿನಾಚೆ ಒಂದು ಗೇಣಿಯ ಮನೆ ಇರಬಹುದೆಂಬ ಯೋಚನೆ ಎರಡು ತಿಂಗಳಲ್ಲಿ ಒಮ್ಮೆಯೂ ಬರಲಿಲ್ಲ. ಇದು ನನ್ನನ್ನು ಈಗಲೂ ಕಾಡುತ್ತದೆ.

ಇಂಥ ಕೆಲಸಕ್ಕೆ ಇಳಿಯುವವರಿಗೆ ನಾನು ಹೇಳಬಲ್ಲದ್ದು ಇಷ್ಟು. ಖರಾಬಿನ ಲೆಕ್ಕದಿಂದ ಶುರು ಮಾಡಿ, ಆದರೆ ಖರಾಬು ಇಲ್ಲದ ಕಡೆ ಮನೆಯೂ ಇಲ್ಲವೆಂದು ತೀರ್ಮಾನಿಸಬೇಡಿ. ಹಿರಿಯರನ್ನು ‘ನಿಮ್ಮ ಮನೆ ಎಲ್ಲಿ’ ಎಂದು ಕೇಳಿದ ಮೇಲೆ ‘ಕೆಲಸಕ್ಕೆ ಬರುತ್ತಿದ್ದವರು ಯಾವ ದಾರಿಯಲ್ಲಿ ಬರುತ್ತಿದ್ದರು’ ಎಂದೂ ಕೇಳಿ. ಮನೆ ಕುಸಿದದ್ದೋ ಬಿಚ್ಚಿದ್ದೋ ಎಂಬುದನ್ನು ಮೊದಲ ದಿನವೇ ಗೊತ್ತುಮಾಡಿಕೊಳ್ಳಿ. ಒಂದು ಜಾಗವನ್ನು ಉಳಿಸಲು ಗೆರೆಯನ್ನು ಇನ್ನೊಂದು ಜಾಗಕ್ಕೆ ಸರಿಸುವ ಸಲಹೆ ಕೊಡುವಾಗ, ಆ ಇನ್ನೊಂದು ಜಾಗವನ್ನೂ ಅಷ್ಟೇ ಕಾಳಜಿಯಿಂದ ನಡೆದು ನೋಡಿ. ನಾವು ನೋಡದೆ ಬರೆದೆವು. ಕಾನೂನಿನ ಬಲವನ್ನು ನಂಬಿ ಕೂರುವುದೂ ಆಗದು. 1958ರ ಕೇಂದ್ರದ ಪ್ರಾಚೀನ ಸ್ಮಾರಕಗಳ ಅಧಿನಿಯಮದ ಪ್ರಕಾರ ಸ್ಮಾರಕಕ್ಕೆ ಕನಿಷ್ಠ ನೂರು ವರ್ಷ ಆಗಿರಬೇಕು, ಅದನ್ನು ಘೋಷಿಸಬೇಕು. ಮಣ್ಣಿನಡಿಯ ಒಂದು ಸಗಣಿ ನೆಲಕ್ಕೆ ಆ ಭಾಗ್ಯ ಬರುವುದಿಲ್ಲ. ಇಲ್ಲಿ ಕೆಲಸಕ್ಕೆ ಬಂದದ್ದು ಕಂದಕದ ಕಾಮಗಾರಿ ನಕ್ಷೆಯ ಮೇಲೆ ನಾವೇ ಹೋಗಿ ಕೆಂಪು ಶಾಯಿಯಲ್ಲಿ ಬರೆಸಿದ ಎರಡು ಚೌಕಗಳು.

ಹೊಸ ನಕ್ಷೆಯನ್ನು ಹಿರಿಯರಿಗೆ ತೋರಿಸಿದಾಗ ಅವರು ಎರಡು ಮನೆಗಳ ನಡುವೆ ಬೆರಳಾಡಿಸಿ, ‘ದಾರಿ ಎಲ್ಲಿ?’ ಎಂದರು. ಗೇಣಿಯ ಮನೆಯವರು ನೀರಿಗೆ ಮೇಲಿನ ಬಾವಿಗೆ ಬರುತ್ತಿರಲಿಲ್ಲ, ಅವರಿಗೆ ಅಲ್ಲಿ ಸೇದುವ ಹಾಗಿರಲಿಲ್ಲ, ಕೆಳಗಿನ ಒರತೆಗೆ ಹೋಗುತ್ತಿದ್ದರು ಎಂದು ಅತ್ತೆಯಿಂದ ಕೇಳಿದ್ದನ್ನು ಹೇಳಿದರು. ಈ ವರ್ಷ ನೀರು ಇಳಿದಾಗ ಆ ದಾರಿ ಹಿಡಿದು ನಡೆದೆವು. ಲಂಟಾನದಡಿ ಜಂಬಿಟ್ಟಿಗೆಯಲ್ಲಿ ಕಡಿದ ಮೆಟ್ಟಿಲುಗಳು ಸಿಕ್ಕವು, ಪ್ರತಿಯೊಂದರ ನಡುವೆಯೂ ಪಾದ ಸವೆಸಿದ ತಗ್ಗು. ಹನ್ನೊಂದನೆಯ ಮೆಟ್ಟಿಲಿನಿಂದ ಕೆಳಗೆ ಹಿನ್ನೀರಿನ ಕೆಸರು. ಒರತೆ ಅದರಡಿ ಎಲ್ಲೋ ಇದೆ.